ಕುದುರೆ ಮರಿಯ ಮೊದಲ ಮೆಟ್ಟು

ಆಗಷ್ಟೇ ಹುಟ್ಟಿದ ಕುದುರೆ ಮರಿಯ ಗೊರಸಿನ ತಳಕ್ಕೆ ಹಸಿ ರಬ್ಬರಿನಂಥ, ಬಿಳಿ-ಹಳದಿ ಎಳೆಗಳ ಕುಚ್ಚು ಅಂಟಿಕೊಂಡಿರುತ್ತದೆ. ಹನ್ನೊಂದು ತಿಂಗಳು ಒಳಗೆ ಕಾಲಾಡಿಸುವಾಗ ತಾಯಿಯ ಗರ್ಭಕ್ಕೆ ಗೀರು ಬೀಳದಿರಲೆಂದು ಪ್ರಕೃತಿ ತೊಡಿಸಿದ ಮೆಟ್ಟು ಅದು. ಮರಿ ಎದ್ದು ಓಡಾಡತೊಡಗಿದರೆ ಸವೆದು ಉದುರಿಹೋಗುತ್ತದೆ. ಕುಣಿಗಲ್ ಕುದುರೆ ಫಾರಂನಲ್ಲಿ ಬಹಳ ವರ್ಷ ಲಾಯ ನೋಡಿಕೊಂಡಿದ್ದ ಯಜಮಾನರೊಬ್ಬರು ತಮ್ಮ ಐದೂ ಬೆರಳು ಕೂಡಿಸಿ, ತುದಿ ಕೆಳಗೆ ಮಾಡಿ, ಆ ಕುಚ್ಚು ಹೇಗಿರುತ್ತದೆಂದು ತೋರಿಸಿದರು. ಹೆಸರು ಬರೆಯಬೇಡಿ ಎಂದಿದ್ದಾರೆ.

ಶ್ರೀರಂಗಪಟ್ಟಣದವನಾದ ನನಗೆ ಕುದುರೆ ಎಂದರೆ ಜಟಕಾ ಕುದುರೆ. ರೈಲು ಇಳಿದವರನ್ನು ದರಿಯಾ ದೌಲತ್, ಗುಂಬಜ್, ಸಂಗಮ ಸುತ್ತಿಸಿ ತರುತ್ತಿದ್ದ ಆ ಬಡಕಲು ಜೀವಗಳನ್ನು ನೋಡುತ್ತಲೇ ಬೆಳೆದೆ. ಈ ಕೋಟೆಯ ದಂಡಿಗೆ ಕುದುರೆ ಎಲ್ಲಿಂದ ಬರುತ್ತಿತ್ತು ಎಂಬ ಪ್ರಶ್ನೆ ಹುಟ್ಟಿದ್ದು ತಡವಾಗಿ. ಅದರ ಉತ್ತರಗಳಲ್ಲೊಂದನ್ನು ಹುಡುಕಿಕೊಂಡು ಪಾಂಡವಪುರದ ಗಡಿ ದಾಟಿ, ನಾಗಮಂಗಲ ಹಾಯ್ದು, ಬೆಳ್ಳೂರು ಕ್ರಾಸಿನಲ್ಲಿ ಬಸ್ಸು ಬದಲಿಸಿ ಕುಣಿಗಲ್ಲಿಗೆ ಹೋದೆ.

ಚರಿತ್ರೆ ಚಿಕ್ಕದಾಗಿ ಹೇಳುವೆ. ಚಿಕ್ಕದೇವರಾಜ ಒಡೆಯರು ದನ ಸಾಕಿಸಿದ ಬೆಣ್ಣೆ ಚಾವಡಿ ಮುಂದೆ ಅಮೃತ ಮಹಲ್ ಆಯಿತು. ಅಲ್ಲಿನ ಎತ್ತುಗಳು ಫಿರಂಗಿ ಎಳೆದವು. ಅಶ್ವದಳಕ್ಕಾಗಿ ಟಿಪ್ಪು ಸುಲ್ತಾನ್ ಕುಣಿಗಲ್ಲಿನಲ್ಲಿ ಕುದುರೆ ಸಾಕಿಸಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೂ ಫಾರಂ ಉಳಿಯಿತು. ಬ್ರಿಟಿಷರು, ಮೈಸೂರು ಸಂಸ್ಥಾನ, ಆಮೇಲೆ ಸರ್ಕಾರದ ಪಶುಸಂಗೋಪನಾ ಇಲಾಖೆ, ಹೀಗೆ ಕೈ ಬದಲಾಯಿತು. 1992ರಲ್ಲಿ 30 ವರ್ಷದ ಗುತ್ತಿಗೆಗೆ ಖಾಸಗಿಯವರಿಗೆ ಹೋಯಿತು. ದಂಡಿನ ಕುದುರೆ ಹುಟ್ಟುತ್ತಿದ್ದ ನೆಲದಲ್ಲಿ ರೇಸಿನ ಕುದುರೆ ಹುಟ್ಟತೊಡಗಿತು. ಬೆಂಗಳೂರಿನಿಂದ ಸುಮಾರು 70 ಕಿಲೋಮೀಟರ್ ದೂರದಲ್ಲಿ, ಹೆದ್ದಾರಿಯ ಮಗ್ಗುಲಲ್ಲೇ, 400 ಎಕರೆಗೂ ಮೀರಿದ ಹಸಿರು.

ಯಜಮಾನರಿಗೆ ಈ ಇಸವಿಗಳಲ್ಲಿ ಆಸಕ್ತಿಯಿಲ್ಲ. ಅವರ ಮಾತೆಲ್ಲ ರಾತ್ರಿಯದು. ಕುದುರೆ ಹೆಚ್ಚಾಗಿ ಮರಿ ಹಾಕುವುದು ರಾತ್ರಿ ಹೊತ್ತು. ಗಬ್ಬ ಕಟ್ಟಿ ಸುಮಾರು 340 ದಿನ ಕಳೆಯುತ್ತಿದ್ದಂತೆ ದಿನವೂ ಕೆಚ್ಚಲು ನೋಡಬೇಕು. ಮೊಲೆಯ ತುದಿಯಲ್ಲಿ ಮೇಣದಂಥ ಹನಿ ಕಟ್ಟಿದರೆ ಇನ್ನೊಂದೆರಡು ದಿನ. ಆಮೇಲೆ ಕಂಬಳಿ ಹೊದ್ದು ಲಾಯದ ಹೊರಗೆ ಕೂರುವುದು. ದೀಪ ಜೋರಾಗಿರಬಾರದು, ಮಾತಾಡಬಾರದು, ಬೀಡಿ ಸೇದಬಾರದು.

“ಯಾರೂ ನೋಡ್ತಾ ಇಲ್ಲ ಅಂತ ಕುದ್ರೆಗೆ ಅನ್ನಿಸ್ಬೇಕು ಸ್ವಾಮಿ. ನಾವು ಮಾತ್ರ ಕಣ್ಣು ಮುಚ್ಚಂಗಿಲ್ಲ.”

ಮರಿ ಬಿದ್ದು ಒಂದು ಗಂಟೆಯೊಳಗೆ ಎದ್ದು ನಿಲ್ಲಬೇಕು, ಎರಡು ಗಂಟೆಯೊಳಗೆ ಗಿಣ್ಣುಹಾಲು ಕುಡಿಯಬೇಕು, ಮೂರು ಗಂಟೆಯೊಳಗೆ ತಾಯಿಯ ಸತ್ತೆ ಬೀಳಬೇಕು. ಸತ್ತೆ ಬಿದ್ದರೆ ಕೆಲಸ ಮುಗಿಯಲಿಲ್ಲ. ಅದನ್ನು ಒಣಹುಲ್ಲಿನ ಮೇಲೆ ಒದ್ದೆ ಪಂಚೆ ಹರಡಿದ ಹಾಗೆ ಹರಡಿ, ಅಂಚಿನಿಂದ ಅಂಚಿಗೆ ಕೈಯಾಡಿಸಿ, ಎಲ್ಲಾದರೂ ಹರಿದು ಒಂದು ಚೂರು ಒಳಗೆ ಉಳಿದಿದೆಯೇ ಎಂದು ನೋಡಬೇಕು. ಅಂಗೈಯಗಲ ಚೂರು ಉಳಿದರೂ ನಂಜೇರಿ ತಾಯಿಯ ಜೀವಕ್ಕೇ ಅಪಾಯ. ಹೇಳುತ್ತಾ ಹೇಳುತ್ತಾ ಯಜಮಾನರು ಜಗಲಿಯ ಮೇಲೆ ಇಲ್ಲದ ಸತ್ತೆಯೊಂದನ್ನು ಹರಡಿ, ಅಂಚು ನೀವಿ, ತೃಪ್ತಿಯಿಂದ ತಲೆಯಾಡಿಸಿದರು. ಆ ಬೆರಳುಗಳನ್ನೇ ನೋಡುತ್ತಾ ಕುಳಿತಿದ್ದೆ. ಮುಂದೆ ಅವರು ಹೇಳಿದ ಮೇವಿನ ಲೆಕ್ಕ, ಮಾಲೀಸಿನ ಕ್ರಮ ಅರ್ಧವೂ ನನ್ನ ಟಿಪ್ಪಣಿಯಲ್ಲಿಲ್ಲ. ನಮ್ಮ ದೇಶದ ರೇಸಿನ ಕುದುರೆಗಳಿಗೆಲ್ಲ ಜನವರಿ 1ರಂದೇ ವಯಸ್ಸು ಒಂದು ವರ್ಷ ಏರುತ್ತದೆ, ಡಿಸೆಂಬರ್ 31ಕ್ಕೆ ಹುಟ್ಟಿದ ಮರಿ ಮರುದಿನವೇ ಒಂದು ವರ್ಷದ್ದಾಗುತ್ತದೆ, ಹಾಗಾಗಿ ಹೆಣ್ಣು ಕುದುರೆಗೆ ಗಂಡು ಬಿಡುವ ತಿಂಗಳನ್ನು ಎಣಿಸಿಯೇ ಬಿಡುತ್ತಾರೆ ಎಂಬುದೊಂದು ನೆನಪಿದೆ.

ಈ ನೆಲದಲ್ಲಿ ಟೌನ್‌ಷಿಪ್ ಕಟ್ಟುವ ಸರ್ಕಾರದ ಪ್ರಸ್ತಾವ ಬಂದಾಗ ಊರು ಸುಮ್ಮನಿರಲಿಲ್ಲ. ಫಾರಂ ಉಳಿಯಬೇಕೆಂದು ಜನ ಬೀದಿಗಿಳಿದರು. ಹಳೆಯ ಮರ, ಕೆರೆಯ ಕಡೆಗೆ ಹರಿಯುವ ನೀರು, ಕುದುರೆ ನಂಬಿದ ಸಂಸಾರಗಳು: ಅವರ ಕಾರಣಗಳೆಲ್ಲ ನ್ಯಾಯವಾದವೇ. ಅದರ ಜೊತೆಗೆ ನನ್ನದೂ ಒಂದು ಬೇಡಿಕೆ ಸೇರಿಸುತ್ತೇನೆ. ಉಳಿಸುವುದಾದರೆ ಗೇಟನ್ನೂ ತೆರೆಯಬೇಕು. ಎರಡು ಶತಮಾನ ಈ ಕುದುರೆಗಳನ್ನು ಸುತ್ತಲಿನ ಹಳ್ಳಿಯವರು ಬೇಲಿಯಾಚೆಯಿಂದಲೇ ನೋಡಿದ್ದಾರೆ. 400 ಎಕರೆಯಲ್ಲಿ ಒಂದು ಮೂಲೆಯನ್ನಾದರೂ ಸಾರ್ವಜನಿಕ ಸವಾರಿ ಶಾಲೆಗೆ ಬಿಟ್ಟರೆ ನಾಗಮಂಗಲದ, ಕೆ.ಆರ್. ಪೇಟೆಯ ಹುಡುಗ ಹುಡುಗಿಯರೂ ಬಂದು ಕಲಿಯಬಹುದು. ಹೇಮಗಿರಿ ದನಗಳ ಜಾತ್ರೆಯಲ್ಲಿ ಹಲ್ಲು ಎಣಿಸಿ ಎತ್ತಿನ ವಯಸ್ಸು ಹೇಳುವವರ ಮಕ್ಕಳಿಗೆ ಕುದುರೆಯ ಭಾಷೆ ಕಲಿಯಲು ಎಷ್ಟು ದಿನ ಬೇಕು? ದಸರೆಯ ಜಂಬೂಸವಾರಿಯಲ್ಲಿ ಅಶ್ವಾರೋಹಿ ದಳ ಸಾಗುವಾಗ ಹಾದಿಯುದ್ದಕ್ಕೂ ಕತ್ತು ಚಾಚುವವರು ಇದೇ ಮಕ್ಕಳು. ಆ ಶಾಲೆಯಲ್ಲಿ ಲಾಯದ ಯಜಮಾನರಂಥವರಿಗೆ ಒಂದು ಕುರ್ಚಿ ಹಾಕಿದರೆ ಸಾಕು. ಅವರ ವಿದ್ಯೆ ಬರೆದಿಟ್ಟರೆ ಉಳಿಯುವಂಥದ್ದಲ್ಲ. ಕುದುರೆ ಎದುರಿಗಿರಬೇಕು, ರಾತ್ರಿಯಾಗಿರಬೇಕು.

ಬರುವಾಗ ಬಸ್ಸಿನ ಕಿಟಕಿಯಲ್ಲಿ ತುಂಡು ಹೊಲವೊಂದು ಕಂಡಿತು, ತುಂಬಾ ಕುದುರೆ ಮಸಾಲೆ ಸೊಪ್ಪು. ಈಗ ಅದನ್ನು ತಿನ್ನುವುದು ಹಾಲಿನ ಹಸುಗಳು. ಹೆಸರಿನಲ್ಲಿ ಮಾತ್ರ ಕುದುರೆ ಉಳಿದಿದೆ.

ಸಂಜೆ ಶ್ರೀರಂಗಪಟ್ಟಣದಲ್ಲಿ ಇಳಿದಾಗ ಒಂದೇ ಒಂದು ಜಟಕಾ ನಿಂತಿತ್ತು. ಕುದುರೆಯ ಕಾಲೆತ್ತಿ ತೋರಿಸುತ್ತೀರಾ ಎಂದು ಗಾಡಿಯವರನ್ನು ಕೇಳಿದೆ. ಯಾಕೆಂದು ಅವರು ಕೇಳಲಿಲ್ಲ. ಬಗ್ಗಿ, ಮೊಣಕಾಲಿನಿಂದ ಕೆಳಕ್ಕೆ ಕೈ ಇಳಿಸುತ್ತಾ ಹಿಂದಿನ ನರವನ್ನು ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿದರು. ಕುದುರೆ ತಾನಾಗಿ ಕಾಲು ಕೊಟ್ಟಿತು. ತಳದಲ್ಲಿ ಸವೆದು ಹೊಳೆಯುವ ಲಾಳ, ಒಂದು ಮೊಳೆ ಬಿದ್ದುಹೋಗಿತ್ತು. ಲಾಳ ಕಟ್ಟುವವರು ಈಗ ಇಲ್ಲಿಲ್ಲ, ಮೈಸೂರಿಗೆ ಹೋಗಬೇಕು ಎಂದರು ಗಾಡಿಯವರು, ಗೊರಸಿನ ಸಂದಿಯ ಮಣ್ಣನ್ನು ಹೆಬ್ಬೆರಳಿನಿಂದ ಬಿಡಿಸುತ್ತಾ.