ಕೊನೆಯಲ್ಲಿ ನಿಲ್ಲಬೇಕಾದ ಲೂಪ್

ಏಕಕಾಲಕ್ಕೆ ನೂರಾರು ಕೋರಿಕೆಗಳನ್ನು ನಿಭಾಯಿಸುವ ಸರ್ವರ್ ತಂತ್ರಾಂಶದೊಳಗೆ, ಯಾವ ಸಂಪರ್ಕದಿಂದ ದತ್ತಾಂಶ ಬಂದಿದೆ, ಯಾವ ಟೈಮರ್‌ನ ಅವಧಿ ಮುಗಿದಿದೆ ಎಂದು ಸುತ್ತು ಸುತ್ತಿಗೂ ವಿಚಾರಿಸಿ, ಅದಕ್ಕೆ ಗೊತ್ತುಪಡಿಸಿದ ಕೆಲಸವನ್ನು ಮಾಡಿಸುವ ಒಂದು ಆವರ್ತನೆ ಇರುತ್ತದೆ. ಇದೇ ಈವೆಂಟ್ ಲೂಪ್. ನೋಡ್ ಜೆಎಸ್‌ನ ತಳದಲ್ಲಿರುವ, ಸಿ ಭಾಷೆಯಲ್ಲಿ ಬರೆದ ಲಿಬ್‌ಯುವಿ ಒದಗಿಸುವುದೂ ಇದನ್ನೇ. ದಿನಗಟ್ಟಲೆ ಸರಿಯಾಗಿ ಓಡಿದ ತಂತ್ರಾಂಶ ನಿಲ್ಲಿಸುವ ಗಳಿಗೆಯಲ್ಲಿ ಕುಸಿಯುವುದುಂಟು. ಮುಚ್ಚುವ ಕೆಲಸವನ್ನು ನಡೆಸಿಕೊಡಬೇಕಾದದ್ದೂ ಆ ಲೂಪೇ ಎಂಬುದು ಮರೆತುಹೋಗಿರುವುದೇ ಹೆಚ್ಚಿನ ಸಂದರ್ಭಗಳಲ್ಲಿ ಇದಕ್ಕೆ ಕಾರಣ.

ಲಿಬ್‌ಯುವಿಯಲ್ಲಿ ಟೈಮರ್, ಸಾಕೆಟ್ ಮುಂತಾದವುಗಳಿಗೆ ಹ್ಯಾಂಡಲ್ ಎಂದು ಹೆಸರು. 'ಯುವಿ_ಕ್ಲೋಸ್' ಎಂದು ಕರೆದೊಡನೆ ಹ್ಯಾಂಡಲ್‌ನ ವ್ಯವಹಾರ ಮುಗಿಯುವುದಿಲ್ಲ. ಲೂಪ್ ಮತ್ತೆ ಸುತ್ತಿ, ಮುಚ್ಚಿದ್ದಾಯಿತೆಂದು ತಿಳಿಸುವ ಕಾಲ್‌ಬ್ಯಾಕ್ ನಡೆಯುವವರೆಗೂ ಅದರ ಮೆಮೊರಿಯನ್ನು ಬಿಡುಗಡೆ ಮಾಡುವಂತಿಲ್ಲ. ಅವಸರದಲ್ಲಿ ಬಿಡುಗಡೆ ಮಾಡಿದರೆ ಲೂಪ್ ಆಗಲೇ ಬಿಟ್ಟುಕೊಟ್ಟ ಜಾಗವನ್ನು ಮುಟ್ಟುತ್ತದೆ. ಇನ್ನೊಂದೆಡೆ, ಹ್ಯಾಂಡಲ್‌ಗಳು ಬಾಕಿಯಿರುವಾಗಲೇ 'ಯುವಿ_ಲೂಪ್_ಕ್ಲೋಸ್' ಕರೆದರೆ ಅದು 'ಇಬಿಝಿ', ಅಂದರೆ ಇನ್ನೂ ಕೆಲಸವಿದೆ ಎಂಬ ಉತ್ತರವನ್ನು ಮರಳಿಸುತ್ತದೆ. ಆ ಉತ್ತರವನ್ನು ಪರೀಕ್ಷಿಸದ ಕೋಡ್ ಲೂಪ್ ಮುಚ್ಚಿತೆಂದೇ ಭಾವಿಸಿ ಮುಂದುವರಿಯುತ್ತದೆ.

ಕೊನೆಯವರೆಗೂ ನೆರವಾಗಬೇಕಾದದ್ದನ್ನು ಕೊನೆಯಲ್ಲೇ ನಿಲ್ಲಿಸಬೇಕೆಂಬುದು ಶಿವಮೊಗ್ಗ ಜಿಲ್ಲೆಯ ಓದುಗರಿಗೆ ಹೊಸ ತರ್ಕವೇನಲ್ಲ: 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಂಥ ಕಡೆ ಊದುಕುಲುಮೆಯನ್ನು ನಿಲ್ಲಿಸಬೇಕಾದರೆ, ಕರಗಿದ ಕಬ್ಬಿಣವನ್ನೂ ಕಿಟ್ಟವನ್ನೂ ಹೊರಹರಿಸಿದ ಮೇಲೂ, ಕುಲುಮೆ ತಣಿಯುವವರೆಗೆ ಅದರ ಗೋಡೆಗೆ ತಂಪೆರೆಯುವ ನೀರನ್ನು ನಿಲ್ಲಿಸುವಂತಿಲ್ಲ.

ಹಾಗಾಗಿ ಪರಿಹಾರವಿರುವುದು ಸರದಿಯಲ್ಲಿ. 'ಯುವಿ_ವಾಕ್' ಮೂಲಕ ಹ್ಯಾಂಡಲ್‌ಗಳನ್ನೆಲ್ಲ ಒಂದೊಂದಾಗಿ ಭೇಟಿಮಾಡಿ, ಆಗಲೇ ಮುಚ್ಚುತ್ತಿರುವವನ್ನು ಬಿಟ್ಟು ಉಳಿದವಕ್ಕೆ ಮುಚ್ಚುವ ಆದೇಶ ಕೊಟ್ಟು, ಕಾಲ್‌ಬ್ಯಾಕ್‌ಗಳು ಮುಗಿಯುವಂತೆ ಲೂಪನ್ನು ಮತ್ತೆ ಓಡಿಸಿ, ಆಮೇಲಷ್ಟೇ ಲೂಪನ್ನು ಮುಚ್ಚಬೇಕು. ಕೆಲವರು ನಡುವೆ ಅರೆಕ್ಷಣದ ವಿರಾಮ ತುರುಕಿ ದೋಷ ಹೋಯಿತೆಂದು ನಿಟ್ಟುಸಿರು ಬಿಡುತ್ತಾರೆ. ಅದು ಹೋಗಿರುವುದಿಲ್ಲ, ಹೆಚ್ಚು ಹೊರೆಯಿರುವ ಯಂತ್ರಕ್ಕಾಗಿ ಕಾಯುತ್ತಿರುತ್ತದೆ.

ಪೈಥಾನ್‌ನಲ್ಲಿ ಇದೇ ತೊಡಕು 'ಈವೆಂಟ್ ಲೂಪ್ ಈಸ್ ಕ್ಲೋಸ್ಡ್' ಎಂಬ ಸಂದೇಶವಾಗಿ ಕಾಣಿಸಿಕೊಳ್ಳುತ್ತದೆ. ಮುಚ್ಚದೆ ಬಿಟ್ಟ ಸಂಪರ್ಕವೊಂದನ್ನು ಕಸ ವಿಲೇವಾರಿ ವ್ಯವಸ್ಥೆ ತಡವಾಗಿ ತೆರವುಗೊಳಿಸಲು ಹೊರಟಾಗ, ನೆರವಾಗಬೇಕಿದ್ದ ಲೂಪ್ ಅದಾಗಲೇ ನಿಂತಿರುತ್ತದೆ. 2018ರ 3.7ನೇ ಆವೃತ್ತಿಯಲ್ಲಿ ಬಂದ 'ಅಸಿಂಕ್‌ಐಒ.ರನ್' ಬಾಕಿ ಕಾರ್ಯಗಳನ್ನು ರದ್ದುಪಡಿಸಿ, ಆ ರದ್ದತಿ ಪೂರ್ಣಗೊಳ್ಳುವವರೆಗೆ ಕಾದು ಬಳಿಕ ಲೂಪನ್ನು ಮುಚ್ಚುವುದರಿಂದ ಹೊರೆ ಬಹಳಷ್ಟು ತಗ್ಗಿದೆಯಾದರೂ, ತಾನು ತೆರೆದ ಸಂಪರ್ಕವನ್ನು ಅದಕ್ಕೂ ಮೊದಲೇ ಮುಚ್ಚುವ ಹೊಣೆ ಕೋಡ್ ಬರೆದವರದ್ದಾಗಿಯೇ ಉಳಿದಿದೆ.