ಇದ್ದಿಲಿನೊಳಗೆ ಸಾರಜನಕದ ಜಾಗ

ವಿದ್ಯುತ್ತನ್ನು ಕೂಡಿಡುವ ಸಾಧನಗಳ ಪೈಕಿ ಬ್ಯಾಟರಿಯಷ್ಟು ಮನೆಮಾತಾಗದಿದ್ದರೂ ಸೂಪರ್ ಕೆಪಾಸಿಟರ್ ಎಂಬುದು ಬಸ್ಸು, ಟ್ರಾಮ್, ಕ್ರೇನು ಮತ್ತು ಗಾಳಿಯಂತ್ರಗಳಲ್ಲಿ ಈಗಾಗಲೇ ಬಳಕೆಗೆ ಬಂದಿದೆ. ಬ್ಯಾಟರಿಯಲ್ಲಿ ವಿದ್ಯುದಾವೇಶವು ರಾಸಾಯನಿಕ ಕ್ರಿಯೆಯ ಮೂಲಕ ವಸ್ತುವಿನ ಒಡಲಿಗೇ ಸೇರಿಕೊಳ್ಳುತ್ತದೆ. ಸೂಪರ್ ಕೆಪಾಸಿಟರ್‌ನಲ್ಲಾದರೋ ದ್ರಾವಣದಲ್ಲಿರುವ ಅಯಾನುಗಳು, ಅಂದರೆ ಆವೇಶ ಹೊತ್ತ ಕಣಗಳು, ವಿದ್ಯುದ್ವಾರದಲ್ಲಿರುವ ಇಂಗಾಲದ ಮೇಲ್ಮೈಗೆ ಬಂದು ಸಾಲುಗಟ್ಟಿ ನಿಲ್ಲುತ್ತವೆಯೇ ಹೊರತು ಅದರೊಂದಿಗೆ ಬೆರೆಯುವುದಿಲ್ಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1853ರಲ್ಲಿ ವಿವರಿಸಿದ, ಮೇಲ್ಮೈಯ ಆವೇಶವೂ ಅದರೆದುರು ನಿಂತ ಅಯಾನುಗಳೂ ಸೇರಿದ ಈ ಜೋಡಿ ಪದರದ ಕಾರಣದಿಂದಲೇ ಸೂಪರ್ ಕೆಪಾಸಿಟರ್ ಸೆಕೆಂಡುಗಳಲ್ಲಿ ತುಂಬಿಕೊಳ್ಳುತ್ತದೆ, ಲಕ್ಷಗಟ್ಟಲೆ ಸಲ ತುಂಬಿ ಬರಿದಾದರೂ ಹೆಚ್ಚು ಸವೆಯುವುದಿಲ್ಲ. ಆದರೆ ಕೂಡಿಡುವ ಪ್ರಮಾಣದಲ್ಲಿ ಅದು ಬಡಪಾಯಿ: ಲಿಥಿಯಂ ಅಯಾನು ಬ್ಯಾಟರಿ ಕಿಲೋಗ್ರಾಂಗೆ 150ರಿಂದ 250 ವ್ಯಾಟ್-ಗಂಟೆ ಶಕ್ತಿಯನ್ನು ಹಿಡಿದರೆ, ಮಾರುಕಟ್ಟೆಯಲ್ಲಿ ಸಿಗುವ ಸಾಮಾನ್ಯ ಸೂಪರ್ ಕೆಪಾಸಿಟರ್ ಹಿಡಿಯುವುದು 5ರಿಂದ 10 ಮಾತ್ರ. ಇಂಗಾಲಕ್ಕೆ ಸಾರಜನಕವನ್ನು, ಅಂದರೆ ನೈಟ್ರೋಜನ್ನನ್ನು, ಬೆರೆಸುವ ಸಂಶೋಧನೆ ಹುಟ್ಟಿದ್ದು ಈ ಅಂತರವನ್ನು ಕಿರಿದುಗೊಳಿಸುವ ಹಂಬಲದಿಂದ.

ಅಯಾನುಗಳು ನಿಲ್ಲುವುದು ಮೇಲ್ಮೈಯಲ್ಲಿ ಎಂದಮೇಲೆ ಮೇಲ್ಮೈ ಹೆಚ್ಚಿದಷ್ಟೂ ಲಾಭ. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಬೆಕರ್ ಎಂಬವರು 1957ರಲ್ಲಿ ಪೇಟೆಂಟ್ ಪಡೆದ ಕೆಪಾಸಿಟರ್‌ನಲ್ಲೇ ರಂಧ್ರಮಯ ಇಂಗಾಲದ ವಿದ್ಯುದ್ವಾರಗಳಿದ್ದವು. ಇಂದು ಈ ಉದ್ಯಮದಲ್ಲಿ ಹೆಚ್ಚು ಬಳಕೆಯಲ್ಲಿರುವ ಕಚ್ಚಾವಸ್ತುಗಳಲ್ಲಿ ತೆಂಗಿನ ಕರಟವೂ ಒಂದು. ತಿಪಟೂರು ಸೀಮೆಯಲ್ಲಿ ಉಂಡೆಕೊಬ್ಬರಿ ತೆಗೆದ ಮೇಲೆ ಉಳಿಯುವಂಥ ಕರಟವನ್ನೇ ಸುಟ್ಟು ಇದ್ದಿಲಾಗಿಸಿ, ಹಬೆಯಿಂದಲೋ ಕ್ಷಾರದಿಂದಲೋ ಕೊರೆದರೆ ಅದು ಸಕ್ರಿಯ ಇಂಗಾಲವಾಗುತ್ತದೆ. ಅಂಥ ಒಂದು ಗ್ರಾಂ ಪುಡಿಯ ರಂಧ್ರಗಳ ಗೋಡೆಗಳನ್ನೆಲ್ಲ ಬಿಡಿಸಿ ಹಾಸಲು ಸಾಧ್ಯವಾದರೆ ಸುಮಾರು 20 ಗುಂಟೆ ಜಮೀನನ್ನು ಮುಚ್ಚಬಹುದು. ಆದರೂ ವಿಸ್ತೀರ್ಣವೊಂದೇ ಲೆಕ್ಕಕ್ಕೆ ಬರುವುದಿಲ್ಲ. ರಂಧ್ರ ಒಂದು ನ್ಯಾನೊಮೀಟರಿಗಿಂತ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲಿ ಒಂದು ಪಾಲಿಗಿಂತ, ಕಿರಿದಾದಾಗ ಸಾಮರ್ಥ್ಯ ಕುಸಿಯುವ ಬದಲು ಏರುತ್ತದೆಂದು ಯೂರಿ ಗೊಗೊಟ್ಸಿ, ಪ್ಯಾಟ್ರಿಸ್ ಸಿಮಾನ್ ಮತ್ತು ಸಂಗಡಿಗರು 2006ರಲ್ಲಿ ತೋರಿಸಿದರು. ತನ್ನನ್ನು ಸುತ್ತುವರಿದ ದ್ರಾವಕದ ಅಣುಗಳನ್ನು ಕಳಚಿಕೊಂಡು ಅಯಾನು ಇಕ್ಕಟ್ಟಿನೊಳಗೆ ನುಸುಳುತ್ತದೆ ಎಂಬುದು ಅವರ ವಿವರಣೆ.

ಸಾರಜನಕದ ಪಾತ್ರ ಬರುವುದು ಇಲ್ಲಿಂದ ಮುಂದೆ. ಇಂಗಾಲದ ಪರಮಾಣುವಿನ ಹೊರಕವಚದಲ್ಲಿ ನಾಲ್ಕು ಎಲೆಕ್ಟ್ರಾನುಗಳಿದ್ದರೆ ಸಾರಜನಕದಲ್ಲಿ ಐದಿವೆ, ಗಾತ್ರದಲ್ಲಿ ಎರಡೂ ಹೆಚ್ಚುಕಡಿಮೆ ಸಮ. ಹೀಗಾಗಿ ಇಂಗಾಲದ ಷಟ್ಕೋನ ಜಾಲದಲ್ಲಿ ಅಲ್ಲೊಂದು ಇಲ್ಲೊಂದು ಪರಮಾಣುವಿನ ಜಾಗಕ್ಕೆ ಸಾರಜನಕ ಬಂದು ಕೂರಬಲ್ಲದು. ಎಷ್ಟು ಕೂತಿದೆ ಎನ್ನುವುದಕ್ಕಿಂತ ಎಲ್ಲಿ ಕೂತಿದೆ ಎನ್ನುವುದೇ ಇಲ್ಲಿ ಮುಖ್ಯ. ಜಾಲದ ನಡುವೆ ಮೂರು ಇಂಗಾಲಗಳಿಗೆ ಬೆಸೆದುಕೊಂಡ ಸಾರಜನಕವನ್ನು ಗ್ರಾಫೈಟಿಕ್ ಎನ್ನುತ್ತಾರೆ. ಅದರ ಹೆಚ್ಚುವರಿ ಎಲೆಕ್ಟ್ರಾನು ವಿದ್ಯುತ್ ಹರಿಯುವುದಕ್ಕೆ ನೆರವಾಗುತ್ತದೆ. ಅಂಚಿನಲ್ಲಿಯೋ ಕುಳಿಯ ಬಾಯಲ್ಲಿಯೋ ಎರಡೇ ಇಂಗಾಲಗಳ ಆಸರೆಯಲ್ಲಿರುವ ಪಿರಿಡಿನಿಕ್ ಬಗೆಯದು ತನ್ನ ಜೋಡಿ ಎಲೆಕ್ಟ್ರಾನುಗಳನ್ನು ಹೊರಕ್ಕೆ ಚಾಚಿಕೊಂಡಿರುವುದರಿಂದ ಆಮ್ಲೀಯ ದ್ರಾವಣದಲ್ಲಿ ಪ್ರೋಟಾನನ್ನು ಹಿಡಿಯುತ್ತದೆ, ಮತ್ತೆ ಬಿಡುತ್ತದೆ. ಮೇಲ್ಮೈಯಲ್ಲಿ ಅಯಾನು ನಿಲ್ಲುವುದರ ಜೊತೆಗೆ ನಡೆಯುವ ಈ ಚುರುಕಾದ ಕೊಡುಕೊಳುವಿಕೆಯಿಂದ ಸಿಗುವ ಹೆಚ್ಚುವರಿ ಸಾಮರ್ಥ್ಯಕ್ಕೆ ಹುಸಿ ಧಾರಕತೆ ಎಂದು ಹೆಸರು. ಐದು ಮೂಲೆಯ ಉಂಗುರದಲ್ಲಿ ಸೇರಿಕೊಂಡದ್ದು ಪಿರೋಲಿಕ್. ಇವಲ್ಲದೆ, ನೀರನ್ನು ಅಷ್ಟಾಗಿ ಸೇರಿಸಿಕೊಳ್ಳದ ಇಂಗಾಲ ಸಾರಜನಕ ಬೆರೆತಾಗ ಚೆನ್ನಾಗಿ ನೆನೆಯುತ್ತದೆ, ಒಣಗಿಯೇ ಉಳಿಯುತ್ತಿದ್ದ ರಂಧ್ರಗಳೂ ಕೆಲಸಕ್ಕೆ ಬರುತ್ತವೆ.

ತಯಾರಿಕೆಯಲ್ಲಿ ಒಂದು ವಿಚಿತ್ರವಿದೆ. ಇದ್ದಿಲು ಗಾಳಿ ತಗುಲಿ ಬೂದಿಯಾಗದಿರಲೆಂದು ಕುಲುಮೆಯ ಕೊಳವೆಯಲ್ಲಿ ಸಾಮಾನ್ಯವಾಗಿ ಹರಿಸುವುದು ನೈಟ್ರೋಜನ್ ಅನಿಲವನ್ನೇ. ಆದರೆ ಅದರ ಎರಡು ಪರಮಾಣುಗಳ ನಡುವಿನ ಮೂರೆಳೆಯ ಬಂಧ ಎಷ್ಟು ಬಿಗಿಯೆಂದರೆ ಆ ಅನಿಲದಿಂದ ಒಂದು ಪರಮಾಣುವೂ ಇಂಗಾಲಕ್ಕೆ ದಕ್ಕುವುದಿಲ್ಲವೆನ್ನಬೇಕು. ಆದ್ದರಿಂದ ಅಮೋನಿಯಾ, ಮೆಲಮೈನ್, ಅಥವಾ ತೂಕದಲ್ಲಿ ಸುಮಾರು ಶೇ. 46ರಷ್ಟು ಸಾರಜನಕವಿರುವ, ರೈತರಿಗೆ ಚಿರಪರಿಚಿತವಾದ ಯೂರಿಯಾವನ್ನು ಬೆರೆಸಬೇಕಾಗುತ್ತದೆ. ರೇಷ್ಮೆಯಂಥ ಪ್ರೋಟೀನಿನಲ್ಲಿ ಸಾರಜನಕ ಹುಟ್ಟಿನಿಂದಲೇ ಇರುವುದರಿಂದ ಅದನ್ನು ನೇರವಾಗಿ ಸುಟ್ಟು ನೋಡಿದವರೂ ಇದ್ದಾರೆ. ರಂಧ್ರ ಕೊರೆಯಲು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಸೇರಿಸಿ 700ರಿಂದ 900 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ತಣಿದ ಮೇಲೆ ಆಮ್ಲದಲ್ಲಿಯೂ ನೀರಿನಲ್ಲಿಯೂ ತೊಳೆಯುತ್ತಾರೆ. ಕಾವು ಏರಿದಂತೆ ರಂಧ್ರಗಳೂ ವಾಹಕತೆಯೂ ಹೆಚ್ಚುತ್ತವೆ, ಆದರೆ ಸೇರಿಸಿದ ಸಾರಜನಕ ಅನಿಲವಾಗಿ ಹೊರಟುಹೋಗುತ್ತದೆ. ಒಂದನ್ನು ಪಡೆಯಲು ಇನ್ನೊಂದನ್ನು ಬಿಟ್ಟುಕೊಡಬೇಕಾದ ಈ ಇಕ್ಕಟ್ಟಿಗೆ ಪೂರ್ಣ ಪರಿಹಾರವಿಲ್ಲ.

ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಬೋರಾನ್ ಮತ್ತು ಸಾರಜನಕ ಬೆರೆತ ಗ್ರಾಫೀನ್, ಅಂದರೆ ಒಂದೇ ಪರಮಾಣು ದಪ್ಪದ ಇಂಗಾಲದ ಹಾಳೆ, ಕುರಿತು 2009ರಲ್ಲಿಯೇ ಪ್ರಬಂಧ ಪ್ರಕಟಿಸಿ, ಮುಂದೆ ಯೂರಿಯಾ ಬಳಸಿ ತಯಾರಿಸಿದ, ಬೋರಾನ್, ಇಂಗಾಲ, ಸಾರಜನಕ ಮೂರೂ ಕೂಡಿದ ಬೋರೋಕಾರ್ಬೋನೈಟ್ರೈಡ್‌ಗಳನ್ನು ಸೂಪರ್ ಕೆಪಾಸಿಟರ್‌ಗಳಲ್ಲಿ ಪರೀಕ್ಷಿಸಿತು. 2015ರಲ್ಲಿ ಶಾಂಘೈನ ಸಂಶೋಧಕರು ಸಾರಜನಕ ಬೆರೆತ ರಂಧ್ರಮಯ ಇಂಗಾಲವೊಂದು ಗ್ರಾಂಗೆ 855 ಫ್ಯಾರಡ್ ಧಾರಕತೆ ತೋರಿಸಿತೆಂದೂ ಅದರಿಂದ ಮಾಡಿದ ಕೋಶ ಕಿಲೋಗ್ರಾಂಗೆ 41 ವ್ಯಾಟ್-ಗಂಟೆ ಹಿಡಿಯಿತೆಂದೂ ಪ್ರಕಟಿಸಿದಾಗ ಈ ಕ್ಷೇತ್ರದಲ್ಲಿ ಸಂಚಲನವೇ ಉಂಟಾಯಿತು. ಆದರೆ ಅದೇ ವರದಿ ಲೀಟರಿಗೆ 19.5 ವ್ಯಾಟ್-ಗಂಟೆ ಎಂಬ ಇನ್ನೊಂದು ಸಂಖ್ಯೆಯನ್ನೂ ಕೊಡುತ್ತದೆ, ಓದುಗರು ಗಮನಿಸಬೇಕಾದದ್ದು ಅದನ್ನು. ರಂಧ್ರ ಹೆಚ್ಚಿದಷ್ಟೂ ಪುಡಿ ಹಗುರವಾಗಿ ಜಾಗ ತಿನ್ನುತ್ತದೆ. ಗೊಗೊಟ್ಸಿ ಮತ್ತು ಸಿಮಾನ್ 2011ರಲ್ಲಿಯೇ ಎಚ್ಚರಿಸಿದ್ದಂತೆ, ತೆಳ್ಳಗೆ ಬಳಿದ ಅಲ್ಪಸ್ವಲ್ಪ ಇಂಗಾಲದ ಮೇಲೆ ಅಳೆದ ಗ್ರಾಂ ಲೆಕ್ಕವು ಲೋಹದ ಹಾಳೆ, ದ್ರಾವಣ, ಕವಚಗಳೆಲ್ಲ ಸೇರಿದ ನಿಜವಾದ ಸಾಧನದ ಬಗ್ಗೆ ಹೇಳುವುದು ಬಹಳ ಕಡಿಮೆ.

ಕಾರ್ಖಾನೆಗಳ ಅಡಚಣೆಯೇ ಬೇರೆ. ಕೂಡಿಡುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ನೀರು 1.23 ವೋಲ್ಟ್ ದಾಟಿದರೆ ವಿಭಜನೆಗೊಳ್ಳಬಹುದಾದ್ದರಿಂದ ಹೆಚ್ಚಿನ ತಯಾರಕರು 2.7 ವೋಲ್ಟ್‌ವರೆಗೆ ತಾಳುವ ಸಾವಯವ ದ್ರಾವಕಗಳನ್ನು ನೆಚ್ಚಿಕೊಂಡಿದ್ದಾರೆ. ಅಲ್ಲಿ ಹಿಡಿಯಲು ಪ್ರೋಟಾನುಗಳೇ ಇಲ್ಲ. ಅಷ್ಟೇ ಅಲ್ಲ, ಇಂಗಾಲದ ಮೇಲ್ಮೈಯಲ್ಲಿ ಉಳಿದ ಕ್ರಿಯಾಶೀಲ ಗುಂಪುಗಳು, ಮುಖ್ಯವಾಗಿ ಆಮ್ಲಜನಕದವು, ದ್ರಾವಕವನ್ನು ಕೆಡಿಸುವುದರಿಂದ ಅವುಗಳನ್ನು ಆದಷ್ಟೂ ತೊಲಗಿಸುವುದೇ ವಾಡಿಕೆ. ಸಾರಜನಕ ಬೆರೆತ ಇಂಗಾಲಕ್ಕೆ ಹೆಚ್ಚು ಹೊಂದಿಕೆಯಾಗುವುದು, ಒಂದು ಬದಿಗೆ ಸತುವಿನ ತಗಡನ್ನೂ ಇನ್ನೊಂದು ಬದಿಗೆ ಇಂಗಾಲವನ್ನೂ ಇಟ್ಟು, ಬೆಂಕಿ ಹತ್ತದ ನೀರಿನ ದ್ರಾವಣದಲ್ಲಿಯೇ ಸುಮಾರು 1.8 ವೋಲ್ಟ್‌ವರೆಗೆ ನಡೆಸುವ ಮಿಶ್ರ ಕೆಪಾಸಿಟರ್‌ಗಳಲ್ಲಿ. ಅಲ್ಲಿ ಆಯುಸ್ಸನ್ನು ಕಡಿಮೆ ಮಾಡುವುದು ಬಹುಮಟ್ಟಿಗೆ ಇಂಗಾಲವಲ್ಲ, ಪದೇ ಪದೇ ತುಂಬುವಾಗ ಸತುವಿನ ಮೇಲೆ ಮುಳ್ಳುಮುಳ್ಳಾಗಿ ಬೆಳೆದು ಎದುರಿನ ವಿದ್ಯುದ್ವಾರವನ್ನು ಮುಟ್ಟಿಬಿಡುವ ಹರಳುಗಳು.