ಪ್ರಳಯದ ಮರುದಿನ ಉಳಿದವರಾರು?

ಲೋಕವೆಲ್ಲ ಜಲಮಯವಾದಾಗ ನೋಹನ ನಾವೆಯನ್ನೇರಿ ಬದುಕಿಕೊಂಡವರು ಎಂಟು ಮಂದಿ ಎಂದು ಬೈಬಲ್ಲಿನ ಕಥೆ ಹೇಳುತ್ತದೆ: ನೋಹ, ಅವನ ಮೂವರು ಗಂಡುಮಕ್ಕಳು, ಆ ನಾಲ್ವರ ಪತ್ನಿಯರು. ಗಂಡಸರೆಲ್ಲರಿಗೂ ಅಲ್ಲಿ ಹೆಸರುಂಟು. ಹೆಂಗಸರಲ್ಲಿ ಒಬ್ಬಳಿಗೂ ಇಲ್ಲ. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮುನಿಯು ಧರ್ಮರಾಯನಿಗೆ ಹೇಳುವ ಮತ್ಸ್ಯೋಪಾಖ್ಯಾನದಲ್ಲಿ ಮನುವಿನೊಡನೆ ನಾವೆಯನ್ನು ಹತ್ತುವವರು ಸಪ್ತರ್ಷಿಗಳು. ಜೊತೆಗೆ ಬಗೆಬಗೆಯ ಬೀಜಗಳು. ಆ ಬೀಜವನ್ನು ಬಿತ್ತಿ, ಬೆಳೆದು, ಅಟ್ಟು ಬಡಿಸುವವರಾರೆಂದು ಕಥೆ ಕೇಳುವುದಿಲ್ಲ.

೧೯೪೫ರಲ್ಲಿ ಹಿರೋಷಿಮಾ, ನಾಗಸಾಕಿ ನಗರಗಳ ಮೇಲೆ ಅಣುಬಾಂಬು ಬಿದ್ದ ಬಳಿಕ ಪ್ರಳಯವು ಪುರಾಣದ ಮಾತಾಗಿ ಉಳಿಯಲಿಲ್ಲ. ಅಂದಿನಿಂದ ಹೊಸ ಪ್ರಳಯಕಥೆಗಳನ್ನು ಹೇಳುವ ಕಾರ್ಯವನ್ನು ಚಲನಚಿತ್ರವು ವಹಿಸಿಕೊಂಡಿತು. ಒಮ್ಮೆ ಅಣುಯುದ್ಧ, ಒಮ್ಮೆ ರೋಗ, ಒಮ್ಮೆ ಹಿಮ. ಲೋಕ ಅಳಿಯುವ ಬಗೆ ಬೇರೆಯಾದರೂ ಪ್ರಶ್ನೆ ಮಾತ್ರ ಹಳೆಯದೇ. ನಾವೆಯಲ್ಲಿ ಎಡೆ ಯಾರಿಗೆ? ಹೆಂಗಸಿಗೆ ಅಲ್ಲಿ ಯಾವ ಕೆಲಸ? ಮುದುಕರಿಗೆ ಜಾಗವುಂಟೇ? ಪರದೇಶದವನನ್ನು ಹತ್ತಿಸಿಕೊಳ್ಳುವವರುಂಟೇ? ಈ ಪ್ರಶ್ನೆಗಳಿಗೆ ಚಿತ್ರಗಳು ಕೊಟ್ಟ ಉತ್ತರವನ್ನು ನೋಡಿದರೆ, ಅವು ನಾಳಿನ ಭವಿಷ್ಯಕ್ಕಿಂತ ಅಂದಂದಿನ ಸಮಾಜದ ಮನಸ್ಸನ್ನೇ ಬಿಚ್ಚಿಟ್ಟಿವೆ ಎಂಬುದು ತಿಳಿಯುತ್ತದೆ.

ನಿರ್ಜನ ನಗರದಲ್ಲಿ ಮೂವರು

೧೯೫೯ರಲ್ಲಿ ತೆರೆಕಂಡ ‘ದಿ ವರ್ಲ್ಡ್, ದಿ ಫ್ಲೆಷ್ ಅಂಡ್ ದಿ ಡೆವಿಲ್’ ಚಿತ್ರದಲ್ಲಿ ಪೆನ್ಸಿಲ್ವೇನಿಯದ ಗಣಿಯೊಂದರಲ್ಲಿ ಸಿಕ್ಕಿಬಿದ್ದ ನೀಗ್ರೋ ಜನಾಂಗದ ತರುಣನೊಬ್ಬ ಮೇಲೆ ಬಂದು ನೋಡುವಾಗ ಜಗತ್ತೇ ನಿಶ್ಶಬ್ದ. ಪ್ರಸಿದ್ಧ ಗಾಯಕ ಹ್ಯಾರಿ ಬೆಲಫಾಂಟೆ ಆ ಪಾತ್ರಧಾರಿ. ಬರಿದಾದ ನ್ಯೂಯಾರ್ಕಿನಲ್ಲಿ ಅವನಿಗೆ ಬಿಳಿಯ ಯುವತಿಯೊಬ್ಬಳು ಕಾಣಸಿಗುತ್ತಾಳೆ. ಅವಳ ಹುಟ್ಟುಹಬ್ಬಕ್ಕೆ ಅವನು ಔತಣವನ್ನೇರ್ಪಡಿಸುತ್ತಾನೆ; ಆದರೆ ಜೊತೆಯಲ್ಲಿ ಕುಳಿತು ಉಣ್ಣದೆ ಮಾಣಿಯಂತೆ ನಿಂತು ಬಡಿಸುತ್ತಾನೆ. ಊರಿಗೆ ಊರೇ ಅಳಿದರೂ ವರ್ಣಭೇದದ ಗೋಡೆ ಅಳಿಯಲಿಲ್ಲವೆಂಬುದನ್ನು ಹೇಳಲು ಆ ಒಂದು ದೃಶ್ಯವೇ ಸಾಕು. ಅಮೆರಿಕದ ಹಲವು ಸಂಸ್ಥಾನಗಳಲ್ಲಿ ಕರಿಯರು ಬಿಳಿಯರನ್ನು ವಿವಾಹವಾಗುವುದು ಅಂದು ಅಪರಾಧವಾಗಿತ್ತು. ಆ ಕಾನೂನುಗಳನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ ರದ್ದುಗೊಳಿಸಿದ್ದು ೧೯೬೭ರಲ್ಲಿ.

ಬಳಿಕ ಬಿಳಿಯ ಪುರುಷನೊಬ್ಬ ದೋಣಿಯಲ್ಲಿ ಬಂದಿಳಿಯುತ್ತಾನೆ. ಹೆಂಗಸು ಯಾರಿಗೆ ಸೇರಬೇಕೆಂದು ಇಬ್ಬರು ಗಂಡಸರೂ ಬಂದೂಕು ಹಿಡಿದು ಬೀದಿಬೀದಿಯಲ್ಲಿ ಒಬ್ಬರನ್ನೊಬ್ಬರು ಬೇಟೆಯಾಡುತ್ತಾರೆ. ಕೊನೆಗೆ ಆಯುಧ ಕೆಳಗಿಳಿದಾಗ, ಇಬ್ಬರ ಕೈಯನ್ನೂ ಹಿಡಿದು ನಡೆಯುವವಳು ಆ ಹೆಂಗಸೇ. ‘ಮುಕ್ತಾಯ’ ಎಂಬ ಪದದ ಬದಲು ‘ಆರಂಭ’ ಎಂಬ ಪದ ತೆರೆಯ ಮೇಲೆ ಮೂಡುತ್ತದೆ. ಬಂದೂಕಿನಿಂದ ಬಗೆಹರಿಯದ್ದು ಎರಡು ಹಸ್ತಗಳಿಂದ ಬಗೆಹರಿಯಿತು.

ಅದೇ ವರ್ಷದ ‘ಆನ್ ದಿ ಬೀಚ್’ ಚಿತ್ರದಲ್ಲಿ ಉತ್ತರಾರ್ಧಗೋಳವೆಲ್ಲ ಅಣುಯುದ್ಧದಿಂದ ಸತ್ತಿದೆ. ವಿಷಗಾಳಿ ಮೆಲ್ಲಮೆಲ್ಲನೆ ಆಸ್ಟ್ರೇಲಿಯದ ಕಡೆಗೆ ಬರುತ್ತಿದೆ. ಸ್ಟ್ಯಾನ್ಲಿ ಕ್ರೇಮರ್ ನಿರ್ದೇಶಿಸಿದ ಈ ಚಿತ್ರ ಡಿಸೆಂಬರ್ ೧೭ರಂದು ಜಗತ್ತಿನ ಅನೇಕ ನಗರಗಳಲ್ಲಿ ಒಮ್ಮೆಗೇ ತೆರೆಕಂಡಿತು; ಶೀತಲಸಮರದ ಆ ದಿನಗಳಲ್ಲಿ ಮಾಸ್ಕೋದಲ್ಲಿ ಸಹ ಪ್ರದರ್ಶಿತವಾಯಿತು. ಯಾವ ರಾಷ್ಟ್ರದ ಮೇಲೂ ಅದು ತಪ್ಪು ಹೊರಿಸುವುದಿಲ್ಲ. ಆದರೂ ಅದರ ಪ್ರಧಾನ ಪಾತ್ರಗಳೆಲ್ಲ ಇಂಗ್ಲಿಷ್ ಮಾತಾಡುವ ಬಿಳಿಯರೇ. ನೌಕೆ ನಡೆಸುವವನು, ವಿಜ್ಞಾನ ಹೇಳುವವನು ಗಂಡಸು. ಮುಂದಾಗುವುದನ್ನು ಕೇಳಲಾರೆನೆಂದು ಕಿವಿ ಮುಚ್ಚಿಕೊಳ್ಳುವವಳು ಎಳೆಗೂಸಿನ ತಾಯಿ. ಕೊನೆಗಾಲಕ್ಕೆಂದು ಸರಕಾರ ಹಂಚುವ ಗುಳಿಗೆಯ ಮಾತನ್ನು ಪತಿ ಎತ್ತಿದಾಗ ಅವಳು ಸಿಡಿದೇಳುತ್ತಾಳೆ. ಚಿತ್ರವು ಇದನ್ನು ಅವಳ ದೌರ್ಬಲ್ಯವೆಂಬಂತೆ ತೋರಿಸಿದರೂ, ತಾಯ ಕೈಯಿಂದಲೇ ಮಗುವಿಗೆ ವಿಷ ಕೊಡಿಸುವ ಲೋಕವನ್ನು ಒಪ್ಪೆನೆಂದ ಆ ಒಬ್ಬಳ ಮಾತೇ ವಿವೇಕದ್ದೆಂದು ಪ್ರೇಕ್ಷಕನಿಗೆ ತೋರಿದರೆ ಆಶ್ಚರ್ಯವಿಲ್ಲ.

೧೯೬೮ರ ‘ಪ್ಲಾನೆಟ್ ಆಫ್ ದಿ ಏಪ್ಸ್’ ಚಿತ್ರದಲ್ಲಿ ಗಗನನೌಕೆಯಲ್ಲಿದ್ದ ನಾಲ್ವರಲ್ಲಿ ಒಬ್ಬಳೇ ಹೆಂಗಸು. ಹೊಸ ಲೋಕದ ಆದಿಮಾತೆಯಾಗಬೇಕಾಗಿದ್ದ ಆಕೆ ನಿದ್ರೆಯಲ್ಲಿಯೇ ಸಾಯುತ್ತಾಳೆ. ಆಮೇಲೆ ನಾಯಕನಿಗೆ ದೊರೆಯುವ ಸಂಗಾತಿಗೆ ಮಾತೇ ಬಾರದು. ಇಡೀ ಚಿತ್ರದಲ್ಲಿ ಯೋಚಿಸಿ ವಾದಿಸುವ ಸ್ತ್ರೀಯೆಂದರೆ ಜೀರಾ ಎಂಬ ಚಿಂಪಾಂಜಿ!

ಒಬ್ಬ ತಾಯಿಯ ಕಣ್ಣಿನಿಂದ

ಅಡಿಗೆಮನೆಯ ಕಿಟಕಿಯಿಂದ ಪ್ರಳಯವನ್ನು ತೋರಿಸಿದ ಕೀರ್ತಿ ೧೯೮೩ರ ‘ಟೆಸ್ಟಮೆಂಟ್’ ಚಿತ್ರದ್ದು. ಅದರ ನಿರ್ದೇಶಕಿ ಲಿನ್ ಲಿಟ್‌ಮನ್. ಕ್ಯಾಲಿಫೋರ್ನಿಯದ ಸಣ್ಣ ಊರು; ಮೂವರು ಮಕ್ಕಳ ತಾಯಿ ಕ್ಯಾರಲ್; ಕೆಲಸಕ್ಕೆ ಹೋದ ಪತಿ ಹಿಂತಿರುಗುವುದಿಲ್ಲ. ಬಾಂಬಿನ ಅಣಬೆಮೋಡವಿಲ್ಲ, ಉರಿಯುವ ನಗರವಿಲ್ಲ. ಕಿಟಕಿಯಲ್ಲಿ ಒಂದು ಬೆಳಕು ಮಿಂಚುತ್ತದೆ, ಅಷ್ಟೆ. ಬಳಿಕ ಹಾಲಿಲ್ಲ, ವಿದ್ಯುತ್ತಿಲ್ಲ, ನೆರೆಹೊರೆಯವರು ಒಬ್ಬೊಬ್ಬರಾಗಿ ಇಲ್ಲವಾಗುತ್ತಾರೆ. ಶಾಲೆಯ ಮಕ್ಕಳು ಮೊದಲೇ ಗೊತ್ತಾಗಿದ್ದ ನಾಟಕವನ್ನು ಬಿಡದೆ ಆಡುತ್ತಾರೆ. ಕ್ಯಾರಲ್ ಪಾತ್ರಕ್ಕಾಗಿ ಜೇನ್ ಅಲೆಗ್ಸಾಂಡರ್ ಆಸ್ಕರ್ ಪ್ರಶಸ್ತಿಗೆ ನಾಮಕರಣಗೊಂಡರು.

ಈ ಚಿತ್ರದಲ್ಲಿ ಊರಿಗೆ ಹೊರಲೋಕದ ಸುದ್ದಿ ತರುವವನು ಹವ್ಯಾಸಿ ರೇಡಿಯೋ ಇಟ್ಟುಕೊಂಡ ವೃದ್ಧ. ತಂದೆಯನ್ನು ಕಳೆದುಕೊಂಡ ಹಿರೋಷಿ ಎಂಬ ಮಂದಬುದ್ಧಿಯ ಜಪಾನಿ ಬಾಲಕನನ್ನು ಕ್ಯಾರಲ್ ತನ್ನ ಮನೆಗೆ ಸೇರಿಸಿಕೊಳ್ಳುತ್ತಾಳೆ. ಕೊನೆಯಲ್ಲಿ ಹುಟ್ಟುಹಬ್ಬದ ಮೇಣದ ಬತ್ತಿಯ ಮುಂದೆ ಕುಳಿತವರು ಮೂವರು: ತಾಯಿ, ಉಳಿದ ಒಬ್ಬ ಮಗ, ಪರರ ಮಗ. ಹೆಣ್ಣಿನ ಶೌರ್ಯಕ್ಕೆ ಬಂದೂಕು ಬೇಕಿಲ್ಲವೆಂಬುದನ್ನು ಚಿತ್ರವು ಉಪದೇಶವಿಲ್ಲದೆ ತೋರಿಸುತ್ತದೆ.

ಮುಪ್ಪಿಗೆ ಎಡೆಯುಂಟೇ?

೧೯೭೬ರ ‘ಲೋಗನ್ಸ್ ರನ್’ ಚಿತ್ರದಲ್ಲಿ ಗುಮ್ಮಟದಡಿಯ ನಗರವೊಂದರ ಜನರಿಗೆ ಸಕಲ ಸುಖವೂ ಉಂಟು. ಆದರೆ ಮೂವತ್ತು ತುಂಬಿದೊಡನೆ ಸಾಯಬೇಕು. ಅಲ್ಲಿಂದ ತಪ್ಪಿಸಿಕೊಂಡ ತರುಣ ತರುಣಿಯರು ಹಾಳುಬಿದ್ದ ವಾಷಿಂಗ್ಟನ್ನಿನಲ್ಲಿ ಬೆಕ್ಕುಗಳ ನಡುವೆ ಬಾಳುವ ಒಬ್ಬ ಮುದುಕನನ್ನು ಕಂಡು, ಸುಕ್ಕು ಎಂದರೇನೆಂದು ಅರಿಯದೆ ಅವನ ಮುಖವನ್ನು ಮುಟ್ಟಿ ನೋಡುತ್ತಾರೆ. ತನ್ನನ್ನು ಸಾಕಿದ ತಂದೆತಾಯಿಯರನ್ನು ಅವನು ನೆನೆದಾಗ ಅವರಿಗೆ ಬೆರಗು. ಆ ನಗರದಲ್ಲಿ ತಾಯಿಯಾರೆಂದು ಬಲ್ಲವರೇ ಇಲ್ಲ.

ಬ್ರಿಟನ್ನಿನ ‘ವೆನ್ ದಿ ವಿಂಡ್ ಬ್ಲೋಸ್’ (೧೯೮೬) ರೇಮಂಡ್ ಬ್ರಿಗ್ಸ್ ಅವರ ಚಿತ್ರಕಥೆಯನ್ನಾಧರಿಸಿದ ಅನಿಮೇಷನ್ ಚಲನಚಿತ್ರ. ಹಳ್ಳಿಯ ವೃದ್ಧ ದಂಪತಿಗಳು ಸರಕಾರದ ಕಿರುಹೊತ್ತಗೆಯನ್ನು ನಂಬಿ ಬಾಗಿಲುಗಳನ್ನು ಕಳಚಿ ಗೋಡೆಗೆ ಒರಗಿಸಿ ಆಸರೆ ಕಟ್ಟಿಕೊಳ್ಳುತ್ತಾರೆ. ಹಿಂದಿನ ಮಹಾಯುದ್ಧದಲ್ಲಿ ಬದುಕಿದಂತೆ ಈಗಲೂ ಬದುಕಿಯೇವೆಂಬುದು ಅವರ ಭರವಸೆ. ಅವರ ಮುಗ್ಧತೆಯನ್ನು ಕಂಡು ನಗುವ ಪ್ರೇಕ್ಷಕ, ಆ ಹೊತ್ತಗೆಯನ್ನು ಬರೆದವರನ್ನು ನೆನೆದಾಗ ಮೌನಿಯಾಗುತ್ತಾನೆ. ನಿರ್ದೇಶಕ ಜಿಮ್ಮಿ ಮುರಕಾಮಿ ಜಪಾನಿ ಮನೆತನದ ಅಮೆರಿಕನ್. ಬಾಲ್ಯದಲ್ಲಿ ಯುದ್ಧಕಾಲದ ಬಂಧನಶಿಬಿರವೊಂದರಲ್ಲಿ ದಿನ ಕಳೆದವರು. ಸರಕಾರದ ಆಜ್ಞೆಗಳು ಎಂಥವೆಂಬುದನ್ನು ಬಲ್ಲವರು.

ಇವೆಲ್ಲ ಬರಿಯ ಕಲ್ಪನೆಯೆಂದು ತಳ್ಳಿಹಾಕುವಂತಿಲ್ಲ. ೨೦೨೦ರ ಮಾರ್ಚಿನಲ್ಲಿ ಕೋವಿಡ್ ರೋಗ ಇಟಲಿಯನ್ನು ಮುತ್ತಿದಾಗ, ತೀವ್ರನಿಗಾ ಘಟಕದ ಪ್ರವೇಶಕ್ಕೆ ವಯೋಮಿತಿಯನ್ನು ವಿಧಿಸಬೇಕಾಗಿ ಬರಬಹುದೆಂದು ಅಲ್ಲಿನ ವೈದ್ಯರ ಸಂಘವೊಂದು ಲಿಖಿತವಾಗಿಯೇ ತಿಳಿಸಿತು. ನಾವೆಯಲ್ಲಿ ಎಡೆ ಸಾಲದಾದಾಗ ಮೊದಲು ಇಳಿಸುವುದು ಯಾರನ್ನೆಂಬ ಪ್ರಶ್ನೆ ಅಂದು ಆಸ್ಪತ್ರೆಯ ಬಾಗಿಲಿಗೇ ಬಂದು ನಿಂತಿತ್ತು.

ಗಡಿಯಾಚೆಯ ಮಗು

ಆಲ್ಫೋನ್ಸೋ ಕ್ವಾರೋನ್ ನಿರ್ದೇಶಿಸಿದ ‘ಚಿಲ್ಡ್ರನ್ ಆಫ್ ಮೆನ್’ (೨೦೦೬) ಚಿತ್ರದಲ್ಲಿ ಹದಿನೆಂಟು ವರ್ಷಗಳಿಂದ ಭೂಮಿಯ ಮೇಲೆ ಒಂದು ಮಗುವೂ ಹುಟ್ಟಿಲ್ಲ. ನೆಲೆತಪ್ಪಿ ಬಂದ ಪರದೇಶೀಯರನ್ನು ಬ್ರಿಟನ್ ಪಂಜರಗಳಲ್ಲಿ ಕೂಡಿಹಾಕುತ್ತಿದೆ. ಇಂಥ ನಾಡಿನಲ್ಲಿ ಗರ್ಭಿಣಿಯಾಗಿರುವ ಏಕೈಕ ಹೆಂಗಸು ಆಫ್ರಿಕದ ನಿರಾಶ್ರಿತೆ ಕೀ. ೧೯೯೨ರಲ್ಲಿ ಪಿ. ಡಿ. ಜೇಮ್ಸ್ ಬರೆದ ಮೂಲ ಕಾದಂಬರಿಯ ಗರ್ಭಿಣಿ ಇಂಗ್ಲಿಷ್ ಹೆಂಗಸು. ಈ ಒಂದು ಬದಲಾವಣೆಯಿಂದ ಚಿತ್ರದ ಅರ್ಥವೇ ಬೇರೆಯಾಯಿತು: ಯಾರನ್ನು ಹೊರದಬ್ಬಲು ನಾಡು ತವಕಿಸುತ್ತಿದೆಯೋ ಅವಳ ಒಡಲಲ್ಲಿಯೇ ನಾಡಿನ ನಾಳೆ ಅಡಗಿದೆ. ಇನ್ನೊಂದು ಬದಲಾವಣೆಯೂ ಗಮನಾರ್ಹ. ಕಾದಂಬರಿಯಲ್ಲಿ ಬಂಜೆತನದ ಮೂಲ ಗಂಡಸರಲ್ಲಿ. ಚಿತ್ರದಲ್ಲಿ ಅದು ಹೆಂಗಸರದಾಗಿದೆ. ಹಳೆಯ ಅಪವಾದ ಅಷ್ಟು ಸುಲಭವಾಗಿ ಹೆಣ್ಣನ್ನು ಬಿಟ್ಟುಹೋಗದು.

ಕೊರಿಯದ ಬಾಂಗ್ ಜೂನ್ ಹೋ ಅವರ ‘ಸ್ನೋಪಿಯರ್ಸರ್’ (೨೦೧೩) ಚಿತ್ರದಲ್ಲಿ ನಾವೆಯ ಬದಲು ಹಿಮಯುಗದಲ್ಲಿ ನಿಲ್ಲದೆ ಓಡುವ ರೈಲು. ಮುಂದಿನ ಡಬ್ಬಿಗಳಲ್ಲಿ ಭೋಗ, ಹಿಂದಿನವುಗಳಲ್ಲಿ ಹಸಿವು. ಯಂತ್ರದ ಸವೆದ ಭಾಗದ ಬದಲು ಎಳೆಯ ಮಕ್ಕಳನ್ನು ಕೂರಿಸಿ ದುಡಿಸಲಾಗುತ್ತಿದೆ. ಕೊನೆಗೆ ರೈಲು ಉರುಳಿ, ಹಿಮದ ಮೇಲೆ ಕಾಲಿಡುವವರು ಕೊರಿಯದ ಹುಡುಗಿ ಮತ್ತು ಕಪ್ಪು ವರ್ಣದ ಬಾಲಕ. ಬಲಶಾಲಿಯಾದ ಬಿಳಿಯ ನಾಯಕನಲ್ಲ.

ಬೀಜದ ಚೀಲ ಹೊತ್ತ ಮುದುಕಿ

ಆಸ್ಟ್ರೇಲಿಯದ ಜಾರ್ಜ್ ಮಿಲ್ಲರ್ ಅವರ ‘ಮ್ಯಾಡ್ ಮ್ಯಾಕ್ಸ್’ ಮಾಲೆ ೧೯೭೯ರಲ್ಲಿ ಆರಂಭವಾದಾಗ ಅದು ಗಂಡಸರ, ಮೋಟಾರುಗಳ ಲೋಕವಾಗಿತ್ತು. ಆರು ಆಸ್ಕರ್ ಗಳಿಸಿದ ೨೦೧೫ರ ‘ಫ್ಯೂರಿ ರೋಡ್’ ಚಿತ್ರದಲ್ಲಿ ಮ್ಯಾಕ್ಸನ ಹೆಸರಿದ್ದರೂ ರಥ ನಡೆಸುವವಳು ಫ್ಯೂರಿಯೋಸಾ. ಒಬ್ಬ ದುಷ್ಟ ದೊರೆಯ ಸಂತಾನಕ್ಕೆಂದು ಸೆರೆಯಲ್ಲಿಟ್ಟಿದ್ದ ಯುವತಿಯರನ್ನು ಅವಳು ಬಿಡಿಸಿ ಒಯ್ಯುತ್ತಾಳೆ. ಮರಳುಗಾಡಿನಲ್ಲಿ ಅವರಿಗೆ ನೆರವಾಗುವವರು ತಲೆ ನೆರೆತ ಹೆಂಗಸರು. ಅವರಲ್ಲೊಬ್ಬಳು ಕೈಚೀಲದಲ್ಲಿ ಬೀಜಗಳನ್ನು ಕಾಪಾಡಿಕೊಂಡು ಬಂದಿದ್ದಾಳೆ. ಸಾಯುವ ಮೊದಲು ಆ ಚೀಲ ಎಳೆಯಳೊಬ್ಬಳ ಕೈಸೇರುತ್ತದೆ. ಮನುವಿನ ನಾವೆಯ ಬೀಜಗಳಿಗೆ ಇಲ್ಲಿ ಹೊಸ ವಾರಸುದಾರಳು ದೊರೆತಳು.

ಭಾರತದಲ್ಲಿಯೇ ೨೦೨೪ರಲ್ಲಿ ತೆರೆಕಂಡ ನಾಗ್ ಅಶ್ವಿನ್ ಅವರ ತೆಲುಗು ಚಿತ್ರ ‘ಕಲ್ಕಿ ೨೮೯೮ ಎಡಿ’ ಕಾಶಿಯನ್ನು ಪ್ರಳಯೋತ್ತರ ನಗರವಾಗಿಸಿತು. ಬೆಂಗಳೂರಿನಲ್ಲಿ ಬೆಳೆದ ದೀಪಿಕಾ ಪಡುಕೋಣೆ ಅದರಲ್ಲಿ ಗರ್ಭಿಣಿ. ಅವಳನ್ನು ಕಾಯುವವನು ಅಮಿತಾಭ್ ಬಚ್ಚನ್ ವಹಿಸಿದ ಚಿರಂಜೀವಿ ಅಶ್ವತ್ಥಾಮ. ವೃದ್ಧನಿಗೆ ಅಲ್ಲಿ ಗೌರವದ ಸ್ಥಾನವಿದೆ; ಹೆಣ್ಣಿನ ಬೆಲೆ ಮಾತ್ರ ಬಹುಮಟ್ಟಿಗೆ ಅವಳು ಹೊತ್ತ ಗರ್ಭಕ್ಕೇ ಸಲ್ಲುತ್ತದೆ.

ಲೋಕ ಮುಳುಗುವುದನ್ನು ಪರದೆಯ ಮೇಲೆ ನೋಡಿ ಮನೆಗೆ ಮರಳುವ ಕುಟುಂಬದಲ್ಲಿ ಅಜ್ಜಿಯಿರುತ್ತಾಳೆ, ಮಗುವಿರುತ್ತದೆ, ಪಕ್ಕದ ಮನೆಯಲ್ಲಿ ಬೇರೆ ನಾಡಿನ ಬೇರೆ ನುಡಿಯ ಜನರಿರುತ್ತಾರೆ. ಇವರಲ್ಲಿ ಯಾರನ್ನು ಬಿಟ್ಟು ನಾವೆ ಹೊರಟರೂ ದಡ ಸೇರಿದ ಮೇಲೆ ಕಟ್ಟುವ ಲೋಕ ಅಷ್ಟರಮಟ್ಟಿಗೆ ಬಡವಾಗುತ್ತದೆ. ಉತ್ತಮ ಪ್ರಳಯಚಿತ್ರಗಳು ಹೇಳುವುದು ಇದನ್ನೇ. ಹೇಳಲು ಅವು ತೆಗೆದುಕೊಂಡ ಕಾಲ ಮಾತ್ರ ದೀರ್ಘವಾಯಿತು.